ಹೆಸರಿಲ್ಲದವರ ವಿಳಾಸ

ಕುಡಿತದ ಚರಿತ್ರೆ ಬರೆಯಲು ಹೊರಟವರಿಗೆ ಆಕರಗಳ ಕೊರತೆಯಿಲ್ಲ. ಅಬಕಾರಿ ಇಲಾಖೆಯ ಕಡತಗಳಿವೆ, ಹರಾಜಿನ ಲೆಕ್ಕಗಳಿವೆ, ಶಾಸನಸಭೆಯ ಚರ್ಚೆಗಳಿವೆ. 1981ರ ಬೆಂಗಳೂರಿನ ಕಳ್ಳಭಟ್ಟಿ ದುರಂತದಂಥ ಸಂದರ್ಭಗಳಲ್ಲಿ ಆಸ್ಪತ್ರೆ ಮತ್ತು ಪೊಲೀಸ್ ದಾಖಲೆಗಳೂ ಸಿಗುತ್ತವೆ. ಸಾಹಿತ್ಯಕ್ಕೆ ಬಂದರೆ ರಾಜರತ್ನಂ ಅವರ ರತ್ನ ಇದ್ದಾನೆ, ಕಾರಂತರ ಚೋಮ ಇದ್ದಾನೆ. ಆದರೆ ಕುಡಿತ ಬಿಟ್ಟವರ ಚರಿತ್ರೆ ಎಲ್ಲಿದೆ? ಬಿಟ್ಟವನು ಸರ್ಕಾರಕ್ಕೆ ಸುಂಕ ಕಟ್ಟುವುದಿಲ್ಲ, ರಸ್ತೆಯಲ್ಲಿ ಬೀಳುವುದಿಲ್ಲ, ಠಾಣೆಯ ಪುಸ್ತಕದಲ್ಲಿ ಅವನ ಹೆಸರು ಬರುವುದಿಲ್ಲ. ಅವನು ಕಡತದಿಂದ ಎದ್ದು ಹೊರಗೆ ನಡೆದವನು. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಕಡತದಲ್ಲಿ ಇಲ್ಲದವನನ್ನು ಕಾಣುವ ಅಭ್ಯಾಸ ಕಡಿಮೆ.

ಇದರ ಮೇಲೆ ಇನ್ನೊಂದು ತೊಡಕು. ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗಲು ಕಟ್ಟಿಕೊಂಡ ಅತಿ ದೊಡ್ಡ ಬಳಗವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಲ್ಲರೂ ಕರೆಯುವ ಎಎ, ಹೆಸರು ಹೇಳದಿರುವುದನ್ನೇ ನಿಯಮ ಮಾಡಿಕೊಂಡಿದೆ. ಹೆಸರು ಹೇಳದ ಬಳಗವನ್ನು ಹುಡುಕುವುದು ಹೇಗೆ? ಈ ಪ್ರಶ್ನೆ ಸಂಶೋಧಕನಿಗಿಂತ ಮೊದಲು ಬೆಳಗ್ಗೆ ಕೈ ನಡುಗುತ್ತಾ ಎದ್ದು ಕೂತವನದು, ಅವನಿಗಿಂತಲೂ ಹೆಚ್ಚಾಗಿ ಅವನ ಹೆಂಡತಿಯದು. ಸಭೆ ಎಲ್ಲಿ ನಡೆಯುತ್ತದೆ, ಯಾರನ್ನು ಕೇಳಬೇಕು, ಒಳಗೆ ಹೋದರೆ ಏನು ಮಾಡುತ್ತಾರೆ, ಊರಿಗೆ ಗೊತ್ತಾಗುತ್ತದೆಯೆ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯತ್ನವೇ ಈ ಬಳಗದ ಚರಿತ್ರೆ ಎಂದು ನನಗೆ ಬರಬರುತ್ತಾ ಅನ್ನಿಸಿದೆ.

ಎಎಗಿಂತ ಸುಮಾರು ನೂರು ವರ್ಷ ಹಿಂದಿನ ಒಂದು ಕಥೆಯಿಂದ ಶುರು ಮಾಡಬೇಕು. 1840ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಚೇಸ್ ಎಂಬವನ ಹೆಂಡದಂಗಡಿಯಲ್ಲಿ ಆರು ಗೆಳೆಯರು ದಿನದಂತೆ ಕುಡಿಯುತ್ತಾ ಕೂತಿದ್ದರು. ದರ್ಜಿ, ಬಡಗಿ, ಕಮ್ಮಾರ, ಗಾಡಿ ಮಾಡುವವ, ಬೆಳ್ಳಿ ಕೆಲಸದವ, ಹೀಗೆ ಎಲ್ಲರೂ ಕೈಕಸುಬಿನವರು. ಊರಿನಲ್ಲಿ ಮದ್ಯಪಾನದ ವಿರುದ್ಧ ಭಾಷಣವೊಂದು ನಡೆಯುವುದಿತ್ತು. ಕೇಳಿಕೊಂಡು ಬರಲಿ ಎಂದು ತಮ್ಮಲ್ಲೇ ಕೆಲವರನ್ನು ತಮಾಷೆಗೆ ಕಳಿಸಿದರು. ಹೋದವರು ಬಂದು ಹೇಳಿದ್ದು ಚರ್ಚೆಗೆ ತಿರುಗಿತು. ಕೊನೆಗೆ ಆರೂ ಜನ ಇನ್ನು ಕುಡಿಯುವುದಿಲ್ಲವೆಂದು ಬರೆದು ಸಹಿ ಹಾಕಿದರು. ಜಾರ್ಜ್ ವಾಷಿಂಗ್ಟನ್ ಹೆಸರಿನಲ್ಲಿ ಸಂಘ ಕಟ್ಟಿದರು.

ಆವರೆಗಿನ ಪಾನನಿರೋಧ ಸಂಘಗಳಲ್ಲಿ ಪಾದ್ರಿಗಳು, ವಕೀಲರು, ಸಂಭಾವಿತರು ಇರುತ್ತಿದ್ದರು. ಕುಡಿಯದವರು ಕುಡಿಯದಂತೆ ನೋಡಿಕೊಳ್ಳುವುದು ಅವುಗಳ ಗುರಿ. ಕುಡುಕರ ವಿಷಯದಲ್ಲಿ ಅವರು ಕೈಚೆಲ್ಲಿದ್ದರು. ವಾಷಿಂಗ್ಟೋನಿಯನ್ನರ ಸಭೆಯಲ್ಲಿ ಉಪದೇಶ ಇರಲಿಲ್ಲ. ಕುಡುಕನಾಗಿದ್ದವನು ಎದ್ದು ನಿಂತು ತಾನು ಹೇಗಿದ್ದೆ, ಏನಾಯಿತು, ಈಗ ಹೇಗಿದ್ದೇನೆ ಎಂದು ಹೇಳುತ್ತಿದ್ದ. ಕೇಳುವವರಲ್ಲಿ ಕುಡಿದು ಬಂದವರೂ ಇರುತ್ತಿದ್ದರು. ಲಕ್ಷಗಟ್ಟಲೆ ಜನ ಸಹಿ ಹಾಕಿದರೆಂದು ಸಂಘದವರೇ ಹೇಳಿಕೊಳ್ಳುತ್ತಿದ್ದರು. 1842ರ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಸಂಘದ ಮುಂದೆ ಭಾಷಣ ಮಾಡಿದ 33 ವರ್ಷದ ವಕೀಲ ಅಬ್ರಹಾಂ ಲಿಂಕನ್, ಪಾದ್ರಿಗೂ ವಕೀಲನಿಗೂ ಆಗದ ಕೆಲಸ ಹಳೆಯ ಕುಡುಕನಿಗೆ ಯಾಕೆ ಆಗುತ್ತದೆಂದು ವಿವರಿಸಿದ. ಅದೇ ವರ್ಷ ವಾಲ್ಟ್ ವಿಟ್ಮನ್ ಈ ಚಳವಳಿಯ ಬಿಸಿಯಲ್ಲಿ 'ಫ್ರಾಂಕ್ಲಿನ್ ಇವಾನ್ಸ್' ಎಂಬ ಕಾದಂಬರಿ ಬರೆದ. ಮುಂದೆ ಆ ಪುಸ್ತಕದ ಬಗ್ಗೆ ಅವನೇ ನಾಚಿಕೊಂಡ. ಕವಿಯ ಮಹಾಕೃತಿಗಳನ್ನು ಮೆಚ್ಚುವವರು ಒಮ್ಮೆ ಇದನ್ನೂ ತಿರುವಿಹಾಕಬಹುದು, ಅವನು ನಾಚಿಕೊಂಡದ್ದು ಸರಿ ಅನ್ನಿಸುತ್ತದೆ!

ಈ ಚಳವಳಿ ಹತ್ತು ವರ್ಷವೂ ಬಾಳಲಿಲ್ಲ. ರಾಜಕೀಯ ಸೇರಿಕೊಂಡಿತು, ಪಾನನಿಷೇಧದ ಕಾನೂನು ಬೇಕೇ ಬೇಡವೇ ಎಂದು ಜಗಳವಾಯಿತು. ಇನ್ನೊಂದು ಕಾರಣ ನಮ್ಮ ವಿಷಯಕ್ಕೆ ಹತ್ತಿರದ್ದು. ಕಥೆ ಚೆನ್ನಾಗಿ ಹೇಳುವವರು ತಾರೆಗಳಾದರು. ಜಾನ್ ಗಫ್ ಎಂಬ ಪುಸ್ತಕ ಕಟ್ಟುವ ಕೆಲಸದವನು ಅದ್ಭುತ ವಾಗ್ಮಿ. ಅವನ ಭಾಷಣಕ್ಕೆ ಜನ ದುಡ್ಡು ಕೊಟ್ಟು ಬರುತ್ತಿದ್ದರು, ಆತ್ಮಕಥೆ ಅಚ್ಚಾಗಿತ್ತು. 1845ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅವನು ಒಂದು ವಾರ ಕಾಣೆಯಾದ, ಸಿಕ್ಕಾಗ ಕುಡಿದಿದ್ದ. ಪತ್ರಿಕೆಗಳಿಗೆ ಹಬ್ಬ. ಗಫ್ ಮತ್ತೆ ಎದ್ದು ನಿಂತ, ಮುಂದೆ ದಶಕಗಳ ಕಾಲ ಭಾಷಣ ಮಾಡಿದ, ಅದು ಬೇರೆ ಮಾತು. ಆದರೆ ಒಬ್ಬನ ಹೆಸರಿಗೆ ಬಳಗದ ಮಾನವನ್ನು ಕಟ್ಟಿದರೆ ಅವನು ಜಾರಿದ ದಿನ ಬಳಗವೂ ಜಾರುತ್ತದೆ. ಈ ಪಾಠವನ್ನು ಎಎಯ ಬಿಲ್ ವಿಲ್ಸನ್ 1945ರಲ್ಲಿ ವಾಷಿಂಗ್ಟೋನಿಯನ್ನರ ಬಗ್ಗೆ ಬರೆಯುತ್ತಾ ಗುರುತಿಸಿದ. ಅಷ್ಟರಲ್ಲಿ ಅವನ ಬಳಗಕ್ಕೇ ಹತ್ತು ವರ್ಷವಾಗಿತ್ತು.

ಆ ಬಳಗ ಶುರುವಾದದ್ದು ಒಂದು ದೂರವಾಣಿ ಕರೆಯಿಂದ. ವಿಲ್ಸನ್ ನ್ಯೂಯಾರ್ಕ್‌ನ ಷೇರುಪೇಟೆಯ ಮನುಷ್ಯ. 1934ರ ಕೊನೆಯಲ್ಲಿ ಎಬಿ ಥ್ಯಾಚರ್ ಎಂಬ ಹಳೆಯ ಕುಡಿತದ ಗೆಳೆಯ ಕುಡಿಯದೆ ಮನೆಗೆ ಬಂದು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗದ ಬಗ್ಗೆ ಹೇಳಿದ್ದ. ಡಿಸೆಂಬರ್‌ನಲ್ಲಿ ಟೌನ್ಸ್ ಆಸ್ಪತ್ರೆಗೆ ಸೇರಿದ ವಿಲ್ಸನ್ ಮತ್ತೆ ಕುಡಿಯಲಿಲ್ಲ. ಅಲ್ಲಿಂದ ಐದು ತಿಂಗಳು ಕಂಡಕಂಡ ಕುಡುಕರಿಗೆ ಬೋಧನೆ ಮಾಡಿದ. ಒಬ್ಬನೂ ಬಿಡಲಿಲ್ಲ. 1935ರ ಮೇ ತಿಂಗಳಲ್ಲಿ ವ್ಯಾಪಾರದ ಕೆಲಸಕ್ಕೆಂದು ಒಹಾಯೊ ರಾಜ್ಯದ ಆಕ್ರನ್‌ಗೆ ಹೋದ. ಆ ಕೆಲಸ ಕೆಟ್ಟಿತು. ಮೇ 11ರ ಶನಿವಾರ ಮೇಫ್ಲವರ್ ಹೋಟೆಲಿನ ಹಜಾರದಲ್ಲಿ ಒಬ್ಬನೇ ಇದ್ದ. ಒಂದು ಬದಿಗೆ ಬಾರ್, ಇನ್ನೊಂದು ಬದಿಗೆ ಊರಿನ ಚರ್ಚುಗಳ ಪಟ್ಟಿ ಮತ್ತು ಫೋನು. ಅವನು ಪಟ್ಟಿಯಿಂದ ವಾಲ್ಟರ್ ಟಂಕ್ಸ್ ಎಂಬ ಪಾದ್ರಿಗೆ ಫೋನು ಮಾಡಿ, ನಾನು ಮಾತಾಡಲು ಇನ್ನೊಬ್ಬ ಕುಡುಕ ಬೇಕು ಎಂಬ ಅರ್ಥದಲ್ಲಿ ಕೇಳಿದ. ಪಾದ್ರಿ ಕೆಲವು ಹೆಸರು ಕೊಟ್ಟರು. ಆ ಸರಣಿ ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಗೆ ಮುಟ್ಟಿತು.

ಸಹಾಯ ಮಾಡಲು ಯಾರಾದರೂ ಇದ್ದಾರೆಯೆ ಎಂದು ಅವನು ಕೇಳಲಿಲ್ಲ, ತಾನು ಸಹಾಯ ಮಾಡಬಹುದಾದ ಒಬ್ಬನನ್ನು ಹುಡುಕಿದ. ಅಲ್ಲಿಯ ತನಕ ಐದು ತಿಂಗಳ ಬೋಧನೆಯಿಂದ ಇತರರಿಗೆ ಏನೂ ಆಗಿರಲಿಲ್ಲ, ಆದರೆ ಬೋಧಿಸುತ್ತಿದ್ದ ತಾನು ಕುಡಿದಿರಲಿಲ್ಲ ಎಂಬುದು ಆಗ ಹೊಳೆದಿತ್ತು.

ಮರುದಿನ ತಾಯಂದಿರ ದಿನ. ಸಂಜೆ ಐದಕ್ಕೆ ಡಾಕ್ಟರ್ ರಾಬರ್ಟ್ ಸ್ಮಿತ್, ಬಳಗದವರ ಬಾಯಲ್ಲಿ ಡಾಕ್ಟರ್ ಬಾಬ್, ಹೆಂಡತಿ ಆ್ಯನ್ ಜೊತೆ ಸೈಬರ್ಲಿಂಗ್ ಮನೆಗೆ ಬಂದರು. ಶಸ್ತ್ರವೈದ್ಯರು, ವರ್ಷಗಟ್ಟಲೆ ಕುಡಿತ. ಹದಿನೈದು ನಿಮಿಷ ಮಾತ್ರ ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡೇ ಬಂದದ್ದು. ಎದ್ದದ್ದು ರಾತ್ರಿ ಹನ್ನೊಂದು ದಾಟಿದ ಮೇಲೆ. ಕುಡಿತದ ಬಗ್ಗೆ ತನ್ನೊಂದಿಗೆ ತಿಳಿದು ಮಾತಾಡಿದ, ಅನುಭವದಿಂದ ಮಾತಾಡಿದ ಮೊದಲ ಮನುಷ್ಯ ಇವನು ಎಂದು ಬಾಬ್ ಮುಂದೆ ಬರೆದರು. ಆ ಮೇಲೆ ಅವರು ಒಮ್ಮೆ ಜಾರಿದರು. ಅಟ್ಲಾಂಟಿಕ್ ಸಿಟಿಯಲ್ಲಿ ವೈದ್ಯರ ಸಮ್ಮೇಳನಕ್ಕೆ ಹೋಗಿ ಕುಡಿದು ಬಂದರು. ಕೈ ನಡುಗದಿರಲೆಂದು ಶಸ್ತ್ರಚಿಕಿತ್ಸೆಗೆ ಹೋಗುವ ಬೆಳಗ್ಗೆ ವಿಲ್ಸನ್ ಕೊಟ್ಟ ಒಂದು ಬಾಟಲಿ ಬಿಯರ್ ಅವರ ಕೊನೆಯ ಕುಡಿತ. ಅದು 1935ರ ಜೂನ್ 10 ಎಂದು ಎಎ ತನ್ನ ಹುಟ್ಟುಹಬ್ಬವನ್ನು ಆ ದಿನ ಆಚರಿಸುತ್ತದೆ. ಆದರೆ ಆ ವರ್ಷ ವೈದ್ಯರ ಸಮ್ಮೇಳನ ಶುರುವಾದದ್ದೇ ಜೂನ್ 10ಕ್ಕೆ ಎಂದು ನಂತರದವರು ತೋರಿಸಿದ್ದಾರೆ. ಹಾಗಾದರೆ ಕೊನೆಯ ಬಾಟಲಿ ಒಂದು ವಾರದ ನಂತರದ್ದಿರಬೇಕು. ಬಳಗ ದಿನಾಂಕ ಬದಲಿಸಲಿಲ್ಲ. ನಮ್ಮ ಜಯಂತಿಗಳ ದಿನಾಂಕಗಳ ಬಗ್ಗೆ ನಡೆಯುವ ಜಗಳಗಳನ್ನು ನೆನೆದರೆ ಈ ನಿರ್ಲಿಪ್ತತೆ ನನಗೆ ಇಷ್ಟವಾಗುತ್ತದೆ.

ಎಎ ಚರಿತ್ರೆಯನ್ನು ಸಾಮಾನ್ಯವಾಗಿ ಇಬ್ಬರು ಗಂಡಸರ ಕಥೆಯಾಗಿ ಹೇಳುತ್ತಾರೆ. ನನ್ನ ತಕರಾರು ಇಲ್ಲಿದೆ. ಈ ಬಳಗವನ್ನು ಯಾರಾದರೂ ಹುಡುಕಿಕೊಂಡು ಬಂದಾಗಲೆಲ್ಲ ಬಾಗಿಲು ತೆರೆದವರು, ಫೋನು ಎತ್ತಿದವರು, ಕಾಗದಕ್ಕೆ ಉತ್ತರ ಬರೆದವರು ಬಹುಪಾಲು ಹೆಂಗಸರು, ಅದೂ ಕುಡುಕರಲ್ಲದವರು. ಹೆನ್ರಿಯೆಟ್ಟಾ ಗುರುತಿಲ್ಲದ ಒಬ್ಬ ಪರವೂರಿನವನ ಫೋನಿಗೆ ಮನೆಗೆ ಬನ್ನಿ ಎಂದವರು. ಆ್ಯನ್ ಸ್ಮಿತ್ ಆ ಬೇಸಿಗೆ ವಿಲ್ಸನ್‌ನನ್ನು ಮನೆಯಲ್ಲಿಟ್ಟುಕೊಂಡರು. ಬ್ರೂಕ್ಲಿನ್‌ನ 182 ಕ್ಲಿಂಟನ್ ಸ್ಟ್ರೀಟ್‌ನಲ್ಲಿ ಮಂಗಳವಾರದ ಸಭೆ ನಡೆಯುತ್ತಿದ್ದದ್ದು ಲೋಯಿಸ್ ವಿಲ್ಸನ್ ತವರಿನವರ ಮನೆಯಲ್ಲಿ. ಅಂಗಡಿಯಲ್ಲಿ ದುಡಿದು ಬಂದು ಅಲ್ಲಿ ಬೀಡುಬಿಟ್ಟ ಕುಡುಕರಿಗೂ ಅನ್ನ ಹಾಕಿದ್ದು ಅವರೇ. 1939ರ ಆಗಸ್ಟ್‌ನಲ್ಲಿ ಆಕ್ರನ್‌ನ ಸೇಂಟ್ ಥಾಮಸ್ ಆಸ್ಪತ್ರೆಯ ದಾಖಲಾತಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಇಗ್ನೇಷಿಯಾ, ಕುಡುಕರನ್ನು ಸೇರಿಸಿಕೊಳ್ಳದ ಕಾಲದಲ್ಲಿ ಬಾಬ್ ಕಳಿಸಿದ ರೋಗಿಯನ್ನು ಹೊಟ್ಟೆಯುರಿ ಎಂದು ಬರೆದು ಒಳಗೆ ತೆಗೆದುಕೊಂಡರು, ರೋಗಿಗಳಿಗೆ ಬರುವ ಹೂವು ಜೋಡಿಸುವ ಕೋಣೆಯಲ್ಲಿ ಮಲಗಿಸಿದರು. ಹೀಗಾಗಿ ಕಡತದಲ್ಲಿ ಇರುವುದು ಹೊಟ್ಟೆಯುರಿ ಮಾತ್ರ.

ಆಸ್ಪತ್ರೆಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ದಿನಾ ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್, ಭ್ರಮೆ, ಕೆಲವೊಮ್ಮೆ ಸಾವೂ ಬರಬಹುದು. ಮೊದಲ ತಲೆಮಾರಿನವರು ಸಭೆಗೆ ಮುಂಚೆ ಆಸ್ಪತ್ರೆಯ ಹಾಸಿಗೆಗೆ ಹೋಗುತ್ತಿದ್ದದ್ದು ಇದಕ್ಕಾಗಿ. ಮೂರನೆಯ ಸದಸ್ಯ, ಬಿಲ್ ಡಿ. ಎಂಬ ವಕೀಲ, ಸಿಕ್ಕಿದ್ದೂ ಆಸ್ಪತ್ರೆಯ ಮಂಚದ ಮೇಲೆಯೇ. ಮನಸ್ಸು ಗಟ್ಟಿ ಮಾಡಿದರೆ ಸಾಕು, ಡಾಕ್ಟರ್ ಯಾಕೆ ಎನ್ನುವ ಮಾತು ನಮ್ಮಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಅದು ಅಪಾಯದ ಮಾತು.

1939ರಲ್ಲಿ ಎರಡು ಸಂಗತಿ ನಡೆದವು. ಏಪ್ರಿಲ್‌ನಲ್ಲಿ ಬಳಗದ ಪುಸ್ತಕ ಅಚ್ಚಾಯಿತು, ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬುದು ಅದರ ಹೆಸರು. ಮೇ ತಿಂಗಳಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಒಂದು ಗುಂಪು ಆಕ್ಸ್‌ಫರ್ಡ್ ಗ್ರೂಪಿನಿಂದ ಬೇರೆಯಾಗಿ ಆ ಪುಸ್ತಕದ ಹೆಸರನ್ನೇ ಇಟ್ಟುಕೊಂಡು ಸಭೆ ಸೇರಿತು. ಬೇರೆಯಾಗಲು ಕಾರಣ ಸಿದ್ಧಾಂತಕ್ಕಿಂತ ವಿಳಾಸದ್ದು: ಪ್ರಾಟೆಸ್ಟಂಟ್ ಛಾಯೆಯ ಆ ಸಭೆಗೆ ಕ್ಯಾಥೊಲಿಕ್ಕರು ಹೋಗುವಂತಿರಲಿಲ್ಲ. ಹೊಸಿಲಿನಲ್ಲೇ ತಡೆದು ನಿಲ್ಲಿಸುವ ಸಭೆ ಸಭೆಯಲ್ಲ ಎಂದು ಕ್ಲೀವ್‌ಲ್ಯಾಂಡಿನವರು ತೀರ್ಮಾನಿಸಿದರು. ಆ ಅಕ್ಟೋಬರ್‌ನಲ್ಲಿ ಊರಿನ 'ಪ್ಲೇನ್ ಡೀಲರ್' ಪತ್ರಿಕೆ ಲೇಖನಮಾಲೆ ಪ್ರಕಟಿಸಿದಾಗ ನೂರಾರು ಜನ ಒಮ್ಮೆಗೇ ಬಂದರು. ಇಪ್ಪತ್ತು ಮೂವತ್ತು ಜನ ಇವರನ್ನೆಲ್ಲ ನೋಡಿಕೊಳ್ಳುವುದು ಹೇಗೆ? ವಾರದ ಹಿಂದೆ ಬಂದವನು ಇವತ್ತು ಬಂದವನ ಕೈಹಿಡಿದ. ಸ್ಪಾನ್ಸರ್ ಎಂಬ ಪದ್ಧತಿ ಬೇರೂರಿದ್ದು ಈ ನೂಕುನುಗ್ಗಲಿನಲ್ಲಿ.

1941ರ ಮಾರ್ಚ್ 1ರ 'ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್'ನಲ್ಲಿ ಜ್ಯಾಕ್ ಅಲೆಗ್ಸಾಂಡರ್ ಬರೆದ ಲೇಖನದ ನಂತರ ಇದೇ ಕಥೆ ದೇಶದ ಮಟ್ಟದಲ್ಲಿ ಆಯಿತು. ವರ್ಷದ ಆರಂಭಕ್ಕೆ ಸುಮಾರು 2,000 ಇದ್ದ ಸದಸ್ಯರು ಕೊನೆಗೆ ಸುಮಾರು 8,000. ನ್ಯೂಯಾರ್ಕ್‌ನ ಅಂಚೆಪೆಟ್ಟಿಗೆ ಸಂಖ್ಯೆ 658ಕ್ಕೆ ಸಾವಿರಾರು ಕಾಗದಗಳು ಬಂದು ಬಿದ್ದವು. ಉತ್ತರ ಬರೆಯುವ ಭಾರ ಬಹಳಷ್ಟು ರೂತ್ ಹಾಕ್ ಎಂಬ ಕಾರ್ಯದರ್ಶಿಯ ಮೇಲೆ. ಆಕೆಯೂ ಕುಡಿಯುವವರಲ್ಲ. ಅಷ್ಟು ದೂರದ ಊರುಗಳಿಗೆ ಸಭೆ ಹೋಗುವುದು ಹೇಗೆ? ಅಲೆದಾಡುವ ಕೆಲಸದ ಸದಸ್ಯರ ಕೈಗೆ ಆ ಕಾಗದಗಳ ಪಟ್ಟಿ ಕೊಟ್ಟರು. ಕಿಟಕಿಯ ಪಟ್ಟಿಪರದೆ ಮಾರುತ್ತಾ ದಕ್ಷಿಣದ ರಾಜ್ಯಗಳನ್ನು ಸುತ್ತುತ್ತಿದ್ದ ಕ್ಲೀವ್‌ಲ್ಯಾಂಡಿನ ಒಬ್ಬನು ಊರೂರಿನಲ್ಲಿ ಕಾಗದ ಬರೆದವರ ಬಾಗಿಲು ತಟ್ಟಿದ. ಸೇಲ್ಸ್‌ಮನ್‌ನ ಚೀಲದಲ್ಲಿ ಒಂದು ಕಡೆ ಪರದೆಯ ಮಾದರಿ, ಇನ್ನೊಂದು ಕಡೆ ಕುಡುಕರ ವಿಳಾಸ. ಹರಿದಾಸರೂ ಜಂಗಮರೂ ತಿರುಗಿದ ನಾಡಿನವರಿಗೆ ಈ ರೀತಿಯ ಪ್ರಸಾರ ಹೊಸದಲ್ಲ.

ಬೆಳವಣಿಗೆಯ ಜೊತೆ ಭಯವೂ ಬಂತು. 1940ರಲ್ಲಿ ರಾಲಿ ಹೆಮ್ಸ್‌ಲಿ ಎಂಬ ಪ್ರಸಿದ್ಧ ಬೇಸ್‌ಬಾಲ್ ಆಟಗಾರ ತಾನು ಎಎ ಸದಸ್ಯನೆಂದು ಪತ್ರಿಕೆಗಳಿಗೆ ಹೇಳಿದ. ಅದನ್ನು ಓದಿ ಎಷ್ಟೋ ಜನ ಬಂದರು, ನಿಜ. ಆದರೆ ವಾಷಿಂಗ್ಟೋನಿಯನ್ನರ ನೆರಳು ಇಲ್ಲೇ ಇತ್ತು. ಜೊತೆಗೆ ಗುಂಪುಗಳು ತಮ್ಮ ತಮ್ಮ ಪ್ರವೇಶ ನಿಯಮ ಮಾಡತೊಡಗಿದ್ದವು: ಇಂಥವರು ಬೇಡ, ಅಂಥವರು ಬೇಡ. ಆ ನಿಯಮಗಳನ್ನೆಲ್ಲ ಒಟ್ಟಿಗೆ ಜಾರಿ ಮಾಡಿದರೆ ಯಾರೂ ಒಳಗೆ ಬರಲಾಗುತ್ತಿರಲಿಲ್ಲ ಎಂದು ವಿಲ್ಸನ್ ನಂತರ ನಗುತ್ತಾ ಬರೆದ. ಕಪ್ಪುಜನರಿಗೆ ಬಾಗಿಲು ಸುಲಭವಾಗಿ ತೆರೆಯಲಿಲ್ಲ, 1945ರಲ್ಲಿ ಸೇಂಟ್ ಲೂಯಿಸ್ ಮತ್ತು ವಾಷಿಂಗ್ಟನ್‌ಗಳಲ್ಲಿ ಅವರು ತಮ್ಮದೇ ಗುಂಪು ಕಟ್ಟಿಕೊಂಡರು. ಬಳಗದ ಚರಿತ್ರೆಯಲ್ಲಿ ಇದನ್ನು ಮೆಲುದನಿಯಲ್ಲಿ ಹೇಳಿ ಮುಗಿಸುವವರೇ ಹೆಚ್ಚು.

1946ರಲ್ಲಿ ಬರೆದು 1950ರಲ್ಲಿ ಒಪ್ಪಿಕೊಂಡ ಹನ್ನೆರಡು ಸಂಪ್ರದಾಯಗಳು ಈ ಅನುಭವಗಳ ಫಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು, ಸದಸ್ಯತ್ವಕ್ಕೆ ಬೇರೆ ಷರತ್ತಿಲ್ಲ. ಶುಲ್ಕವಿಲ್ಲ, ಸಭೆಯಲ್ಲಿ ಬುಟ್ಟಿ ಸುತ್ತುತ್ತದೆ, ಹೊರಗಿನವರ ದೇಣಿಗೆ ಬೇಡ. ಪತ್ರಿಕೆಯಲ್ಲಿ, ರೇಡಿಯೊದಲ್ಲಿ, ಸಿನಿಮಾದಲ್ಲಿ ಸದಸ್ಯನ ಹೆಸರು ಬರಬಾರದು. ಇದರಿಂದ ಏನಾಯಿತೆಂದರೆ, ಬಳಗಕ್ಕೆ ವಿಳಾಸ ಉಂಟು, ಮುಖ ಇಲ್ಲ. ವಿಲ್ಸನ್‌ನ ಪೂರ್ತಿ ಹೆಸರು ಪತ್ರಿಕೆಗಳಲ್ಲಿ ರಾರಾಜಿಸಿದ್ದು 1971ರ ಜನವರಿಯಲ್ಲಿ, ಅವನು ತೀರಿಕೊಂಡ ಮೇಲೆ. ಇವತ್ತಿಗೂ ನ್ಯೂಯಾರ್ಕ್‌ನ ಅವರ ದಾಖಲೆ ಸಂಗ್ರಹದಲ್ಲಿ ಓದುವ ಸಂಶೋಧಕರು ಸದಸ್ಯರ ಅಡ್ಡಹೆಸರಿಗೆ ಮೊದಲಕ್ಷರ ಮಾತ್ರ ಬಳಸುವುದಾಗಿ ಒಪ್ಪಬೇಕು. ಹೆಸರು ಅಳಿಸಿಹೋದವರನ್ನು ಮತ್ತೆ ಹೆಸರಿನಿಂದ ಕರೆಯುವುದೇ ಇತಿಹಾಸಕಾರನ ಧರ್ಮ ಎಂದು ನಮಗೆ ಕಲಿಸುತ್ತಾರೆ. ಇಲ್ಲಿ ಧರ್ಮ ತಿರುವುಮುರುವು.

ಭಾರತಕ್ಕೆ ಬಂದದ್ದೂ ಪತ್ರಿಕೆಯ ಮೂಲಕವೇ. 1950ರ ದಶಕದ ಉತ್ತರಾರ್ಧದಲ್ಲಿ ದೆಹಲಿಯಲ್ಲಿದ್ದ ಕೆನಡಾದ ಒಬ್ಬ ಸದಸ್ಯ ಸಣ್ಣ ಜಾಹೀರಾತು ಹಾಕಿದ. ಅದನ್ನು ನೋಡಿ ಕಾಗದ ಬರೆದ ಬೊಂಬಾಯಿಯ ಒಬ್ಬನಿಂದ 1957ರಲ್ಲಿ ಅಲ್ಲಿನ ಬಳಗ ಶುರುವಾಯಿತು. ಕೇಂದ್ರ ಕಚೇರಿ ಇಂದಿಗೂ ಮುಂಬೈಯ ಬೈಕುಲಾದಲ್ಲಿದೆ. ಶುರುವಿನಲ್ಲಿ ಇಂಗ್ಲಿಷ್ ಬಲ್ಲವರ, ಚರ್ಚಿನ ಕೋಣೆಗಳ ಸಂಗತಿಯಾಗಿದ್ದ ಅದು ನಿಧಾನವಾಗಿ ದೇಶಭಾಷೆಗಳಿಗೆ ಇಳಿಯಿತು.

ಕರ್ನಾಟಕದಲ್ಲಿ ಆದರೆ ಇದಕ್ಕಿಂತ ಬೇರೆಯದೇ ಮಾದರಿ ಹಳ್ಳಿಗಳನ್ನು ತಲುಪಿದೆ. 1990ರ ದಶಕದಲ್ಲಿ ಬೆಳ್ತಂಗಡಿ ಸೀಮೆಯಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮೂಲಕ ಶುರುವಾದ ಮದ್ಯವರ್ಜನ ಶಿಬಿರಗಳು ರಾಜ್ಯವಿಡೀ ಹಬ್ಬಿದವು. ಊರಿನ ಸಭಾಭವನದಲ್ಲೋ ಕಲ್ಯಾಣಮಂಟಪದಲ್ಲೋ ಎಂಟು ದಿನ ವಾಸ, ಯೋಗ, ಭಜನೆ, ವೈದ್ಯರ ತಪಾಸಣೆ, ಮನೆಯವರನ್ನು ಕರೆಸಿ ಮಾತು. ಶಿಬಿರ ಮುಗಿದ ಮೇಲೆ ಹೊರಬಂದವರು 'ನವಜೀವನ ಸಮಿತಿ'ಯಾಗಿ ಊರಿನಲ್ಲೇ ಸೇರುತ್ತಿರುತ್ತಾರೆ. ಇಲ್ಲಿ ಅನಾಮಧೇಯತೆ ಎಂಬುದಿಲ್ಲ. ಬಿಟ್ಟವರನ್ನು ವೇದಿಕೆಗೆ ಕರೆದು ಸನ್ಮಾನಿಸುತ್ತಾರೆ, ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಎಎಯ ನೋಟದಿಂದ ಇದು ಗಫ್‌ನ ದಾರಿ. ಆದರೆ ಹಳ್ಳಿಯಲ್ಲಿ ಯಾರು ಕುಡಿಯುತ್ತಾರೆಂದು ಯಾರಿಗೆ ಗೊತ್ತಿಲ್ಲ? ಕುಡುಕ ಎಂಬ ಹೆಸರು ಊರಿಗೆಲ್ಲ ಗೊತ್ತಿರುವಾಗ ಬಿಟ್ಟವನು ಎಂಬುದೂ ಊರಿಗೆಲ್ಲ ಗೊತ್ತಾಗಬೇಕು ಎನ್ನುವ ತರ್ಕಕ್ಕೆ ಬಲವಿದೆ. ಕಳೆದ ಮಾನ ಕಳೆದ ಜಾಗದಲ್ಲೇ ಸಿಗಬೇಕು. ಮತ್ತೆ ಜಾರಿದವನಿಗೆ ಮಾತ್ರ ಈ ಮಾದರಿ ಕಷ್ಟ. ಸನ್ಮಾನದ ಹಾರ ಹಾಕಿಸಿಕೊಂಡವನು ಯಾವ ಮುಖ ಹೊತ್ತು ಸಮಿತಿಗೆ ಮರಳಬೇಕು? ಎಎಯಲ್ಲಿ ಜಾರಿದವನು ಮರುದಿನ ಅದೇ ಕುರ್ಚಿಯಲ್ಲಿ ಕೂತು ಇವತ್ತು ಮೊದಲ ದಿನ ಎನ್ನಬಹುದು. ಇನ್ನು ಎರಡೂ ಕಡೆ ಹೆಂಗಸರು ಕಡಿಮೆ. ಕುಡಿಯುವ ಹೆಂಗಸಿಗೆ ಊರಿನ ವೇದಿಕೆಯೂ ದೂರ, ಗಂಡಸರೇ ತುಂಬಿದ ಕೋಣೆಯೂ ದೂರ.

2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅಗ್ಗದ ವಿಸ್ಕಿಯ ಪೊಟ್ಟಣ ಆ ಜಾಗಕ್ಕೆ ಬಂತು. ಶಿಬಿರಗಳು ಖಾಲಿಯಾಗಲಿಲ್ಲ.

ಈ ಸಭೆಗಳಿಂದ ಉಪಯೋಗ ಉಂಟೆ ಎಂಬ ಪ್ರಶ್ನೆಗೆ ಬಹುಕಾಲ ಕಥೆಗಳೇ ಉತ್ತರವಾಗಿದ್ದವು. 2006ರ ಕಾಕ್ರೇನ್ ಪರಿಶೀಲನೆ ಗಟ್ಟಿ ಪುರಾವೆ ಸಿಗಲಿಲ್ಲವೆಂದಿತು. 2020ರಲ್ಲಿ 27 ಅಧ್ಯಯನಗಳನ್ನು, ಹತ್ತು ಸಾವಿರ ಮೀರಿದ ಜನರ ಮಾಹಿತಿಯನ್ನು ನೋಡಿದ ಹೊಸ ಪರಿಶೀಲನೆ, ಎಎ ಕಡೆಗೆ ಕ್ರಮಬದ್ಧವಾಗಿ ಕರೆದೊಯ್ಯುವ ಚಿಕಿತ್ಸೆ ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಇತರ ಚಿಕಿತ್ಸೆಗಳಿಗೆ ಸಮ, ಹಲವು ಕಡೆ ಮೇಲು ಎಂದಿತು. ಅಲ್ಲಿ ಗಮನಿಸಬೇಕಾದ ಪದ 'ಕರೆದೊಯ್ಯುವ'. ವಿಳಾಸದ ಚೀಟಿ ಕೊಟ್ಟು ಹೋಗಿ ಎನ್ನುವುದು ಬೇರೆ, ಜೊತೆಗೆ ಬಾಗಿಲ ತನಕ ಹೋಗುವುದು ಬೇರೆ. ಆ ದೇವರ ಮಾತು ನನಗೆ ಒಗ್ಗುವುದಿಲ್ಲ ಎನ್ನುವವರಿದ್ದಾರೆ. ಹನ್ನೆರಡು ಹೆಜ್ಜೆಗಳಲ್ಲಿ ದೇವರು ಇದ್ದಾನೆ, ನಾವು ತಿಳಿದಂಥ ದೇವರು ಎಂಬ ಸಡಿಲಿಕೆಯೊಂದಿಗೆ. ಅದು ಸಾಲದವರು ಬೇರೆ ಬಳಗಗಳನ್ನು ಕಟ್ಟಿಕೊಂಡಿದ್ದಾರೆ. 1951ರಲ್ಲಿ ಲೋಯಿಸ್ ವಿಲ್ಸನ್ ಕಟ್ಟಿದ ಅಲ್-ಅನಾನ್ ಮನೆಯವರಿಗಾಗಿ ಇರುವ ಬಳಗ. ಅದೂ ಶುರುವಾದದ್ದು ಕುಡುಕರ ಮನೆಯವರು ಬರೆದುಕೊಂಡ 87 ವಿಚಾರಣೆಗಳ ಪಟ್ಟಿಯಿಂದ.

ಈಗಿನ ಸಭೆ ಹೇಗಿರುತ್ತದೆ ಎಂದರೆ, ಬಲು ಸಾದಾ. ಶಾಲೆಯದೋ ಚರ್ಚಿನದೋ ಒಂದು ಕೋಣೆ, ಒಂದು ಗಂಟೆ ಒಂದೂವರೆ ಗಂಟೆ, ಚಹ. 'ತೆರೆದ' ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು, 'ಮುಚ್ಚಿದ' ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಮಾತಾಡಲೇಬೇಕೆಂದಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮೂರು ಜನ ಸೇರಿದಲ್ಲಿ ನಾಲ್ಕು ಸಲಹೆ ಸಿಗುವ ನಮ್ಮ ನಾಡಿನಲ್ಲಿ ಈ ಒಂದು ನಿಯಮಕ್ಕಾದರೂ ಹೋಗಿ ಕೂರಬಹುದು. ಬೆಂಗಳೂರಿನಂಥ ಊರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಎಂದು ಭಾಷೆಗೊಂದು ಸಭೆ ಸಿಗುತ್ತದೆ. ಬಳಗದ ಫೋನಿಗೆ ಕರೆ ಮಾಡಿದರೆ ಎತ್ತುವುದು ಸಂಬಳದ ನೌಕರರಲ್ಲ, ಸರದಿಯ ಮೇಲೆ ಕೂತ ಒಬ್ಬ ಸದಸ್ಯ. ಅವರು ಅಡ್ಡಹೆಸರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ನೀವಿರುವುದು ಎಲ್ಲಿ, ಯಾವ ಭಾಷೆಯಲ್ಲಾದರೆ ಅನುಕೂಲ, ಇವತ್ತು ಕುಡಿದಿದ್ದೀರಾ, ಸಂಜೆ ಬಸ್ ಸ್ಟಾಪಿನ ಹತ್ತಿರ ಬಂದರೆ ಜೊತೆಗೆ ಹೋಗೋಣವೆ, ಇಷ್ಟೇ ಕೇಳುತ್ತಾರೆ.